ಲಿಂಕರನ್ನು ಯಾರು ಕೇಳಿದ್ದರು?

ತಪ್ಪು ಕಂಪ್ಯೂಟರಿನದು, ಬೈಸಿಕೊಳ್ಳುವುದು ನಾನು. ಶಿರಸಿಯಲ್ಲಿ ಪ್ರೋಗ್ರಾಮು ಬರೆಯುತ್ತಿದ್ದಷ್ಟು ವರ್ಷವೂ ಇದೇ ಏರ್ಪಾಡು. ಎರಡು ಸಾವಿರದ ಇಸವಿಯ ಆಚೀಚೆ ಪ್ರೆಸ್ಸುಗಳಿಗಾಗಿ ಲಗ್ನಪತ್ರಿಕೆ ಮಾಡುವ ಪ್ರೋಗ್ರಾಮು ಬರೆದಿದ್ದೆ. ಕನ್ನಡ ಅಕ್ಷರ ಮೂಡಿಸುವ ಕೋಡನ್ನೆಲ್ಲ ಬೇರೆಯಾಗಿ ಒಂದು ಲೈಬ್ರರಿ ಮಾಡಿಟ್ಟಿದ್ದೆ. ಅದನ್ನೂ ಪ್ರೋಗ್ರಾಮನ್ನೂ ಜೋಡಿಸುವುದು ಲಿಂಕರ್ ಎಂಬ ಇನ್ನೊಂದು ಪ್ರೋಗ್ರಾಮಿನ ಕೆಲಸ. ನನ್ನ ಆಯುಷ್ಯ ತಿಂದದ್ದೂ ಅದೇ.

ಸೋಮವಾರ

ಮೊದಲ ಫ್ಲಾಪಿ ಸಿದ್ದಾಪುರದ ಪ್ರೆಸ್ಸಿಗೆ ಹೋಯಿತು. ಲಿಂಕರ್ ಲೈಬ್ರರಿಯನ್ನು ಒಳಗೆ ಸೇರಿಸಿರಲಿಲ್ಲ. ಹೆಸರಷ್ಟೇ ಬರೆದುಕೊಂಡಿತ್ತು, ಅಸಲು ನನ್ನ ಕಂಪ್ಯೂಟರಿನಲ್ಲೇ ಉಳಿದಿತ್ತು. ಪರದೆ ನೋಡುತ್ತಾ ಪ್ರೆಸ್ಸಿನ ಭಟ್ಟರು ಫೋನು ಮಾಡಿದರು.

"ತಮಾ, ಲೈಬ್ರರಿ ಸಿಕ್ಕಿದ್ದಿಲ್ಲೆ ಹೇಳಿ ಬತ್ತಾ ಇದ್ದು."

ನಾನು ಲಿಂಕರನ್ನು ಬೈಯಲು ಶುರುಮಾಡಿದೆ. ಭಟ್ಟರೇ ಸಮಾಧಾನ ಹೇಳಿದರು: "ಸಿಟ್ಟು ಮಾಡಡ. ಇವತ್ತು ಸೋಮವಾರ, ಲೈಬ್ರರಿಗೆ ರಜೆ. ನಾಳೆ ಸಿಗ್ತು."

ಎರಡೂ ಇಟ್ಟೆ

ಯಲ್ಲಾಪುರದ ಪ್ರೆಸ್ಸಿನಲ್ಲಿ ಹಾಗಾಗಬಾರದೆಂದು ಲೈಬ್ರರಿಯ ಎರಡನೇ ರೂಪ ತಯಾರಿಸಿದೆ. ಇದು ಸ್ಟ್ಯಾಟಿಕ್, ಪ್ರೋಗ್ರಾಮಿನೊಳಗೇ ಹೊಲಿದುಹೋಗುವಂಥದ್ದು. ಹಳೆಯದರ ಪಕ್ಕದಲ್ಲೇ ಇಟ್ಟು ಲಿಂಕ್ ಮಾಡಿದೆ. ಬಸ್ಸು ಹತ್ತಿ ಹೋಗಿ ನಾಲ್ಕು ಗಿರಾಕಿಗಳ ಎದುರು ಓಡಿಸಿದರೆ, ಮತ್ತೆ ಲೈಬ್ರರಿ ಇಲ್ಲ! ಎರಡೂ ಒಂದೇ ಕಡೆ ಕಂಡರೆ ಲಿಂಕರ್ ಹೊರಗೇ ಉಳಿಯುವುದನ್ನು ಆರಿಸುತ್ತದಂತೆ. ಒಂದು ಮಾತು ಕೇಳುವ ಸೌಜನ್ಯ ಬೇಡವೇ?

ಪ್ರೆಸ್ಸಿನ ಸಾಹೇಬರು ಕೇಳಿದರು, "ಸರ್, ಯಾವ್ದು ಬೇಕು ಅಂತ ನೀವು ಹೇಳಿದ್ರಾ?"

"ಇಲ್ಲ."

"ಮತ್ತೆ! ಹೋಟ್ಲಲ್ಲಿ ಯಾವ ದೋಸೆ ಅಂತ ಹೇಳ್ದಿದ್ರೆ ಅವ್ರು ಮಸಾಲೆನೇ ತರೋದು."

ಚಿರಂಜೀವಿ

ಸ್ಟ್ಯಾಟಿಕ್ಕೇ ಬೇಕೆಂದು ಬಾಯಿಬಿಟ್ಟು ಹೇಳಿದ ಮೇಲೆ ಯಲ್ಲಾಪುರ ಸರಿಹೋಯಿತು. ಸಿದ್ದಾಪುರಕ್ಕೆ ಲೈಬ್ರರಿಯನ್ನು ಬೇರೆಯಾಗಿಯೇ ಕೊಟ್ಟೆ. ಆಮೇಲೆ ಒಂದು ದೋಷ ಸಿಕ್ಕಿತು. ತ ಅಕ್ಷರಕ್ಕೆ ಯ ಒತ್ತು ಕೊಟ್ಟರೆ, ಪರದೆಯಲ್ಲಿ ಸರಿ ಕಂಡರೂ ಕಾಗದದ ಮೇಲೆ ತ ಒತ್ತೇ ಬೀಳುತ್ತಿತ್ತು. ಲೈಬ್ರರಿ ತಿದ್ದಿ ಎರಡೂ ಊರಿಗೆ ಕಳಿಸಿ, "ಇನ್ನು ನಿಶ್ಚಿಂತೆ" ಎಂದೆ. ಭಟ್ಟರಲ್ಲಿ ಸರಿಯಾಯಿತು. ಸಾಹೇಬರ ಪ್ರೋಗ್ರಾಮಿನ ಹೊಟ್ಟೆಯಲ್ಲಿ ಮಾತ್ರ ಹಳೆಯದೇ ಇತ್ತು. ಅದನ್ನು ಹೊಸದಾಗಿ ಲಿಂಕ್ ಮಾಡಬೇಕೆಂಬುದೇ ನನಗೆ ಹೊಳೆಯಲಿಲ್ಲ. ನನ್ನ ಮಾತು ನಂಬಿ ಅವರು ಪ್ರೂಫನ್ನೂ ತೆಗೆಯದೆ ಅಚ್ಚು ಹಾಕಿದರು.

ಒಂದು ಬೆಳಿಗ್ಗೆ ಯಲ್ಲಾಪುರದ ಹತ್ತಿರದ ವಜ್ರಳ್ಳಿಯಿಂದ ಮದುಮಗನ ಅಪ್ಪ ನನ್ನ ಅಂಗಡಿಗೇ ಬಂದರು. ಹುಡುಗನ ಹೆಸರು ಸತ್ಯನಾರಾಯಣ. ಪತ್ರಿಕೆಯಲ್ಲಿ 'ಚಿರಂಜೀವಿ ಸತ್ತನಾರಾಯಣ' ಎಂದಿತ್ತು. ಹತ್ತು ಮನೆಗೆ ಹಂಚಿಯೂ ಆಗಿತ್ತು.

ಈ ಸಲ ಬೈಯಲು ಲಿಂಕರೂ ಸಿಗಲಿಲ್ಲ. ಅದು ನಾನು ಹೇಳಿದ್ದನ್ನೇ ಮಾಡಿತ್ತು! ಮಧ್ಯಾಹ್ನವೇ ಯಲ್ಲಾಪುರಕ್ಕೆ ಹೊಸ ಪ್ರೋಗ್ರಾಮು ಒಯ್ದು, ಪತ್ರಿಕೆ ಮತ್ತೆ ಅಚ್ಚಾಗುವವರೆಗೂ ಅಲ್ಲೇ ನಿಂತಿದ್ದೆ. ಬೆಳಿಗ್ಗೆ ಆ ಅಪ್ಪ ಕೇಳಿದ್ದು ಇಷ್ಟೇ:

"ಚಿರಂಜೀವಿ ಹೇಳಿಯೂ ಹಾಕಿದ್ದಿ, ಸತ್ತ ಹೇಳಿಯೂ ಹಾಕಿದ್ದಿ. ಯಾವುದಾದ್ರೂ ಒಂದು ತೀರ್ಮಾನ ಮಾಡಿ ಮಾರಾಯ್ರೆ, ಹೆಣ್ಣಿನ ಕಡೆಯವು ಕೇಳ್ತಾ ಇದ್ದೊ!"