ಮೂವತ್ತೊಂಬತ್ತು ನಿಮಿಷದ ಮನೆ

ನಮ್ಮ ಇಲಾಖೆಯ ಯಾವ ನೌಕರನ ಮನೆಯೂ ಕಚೇರಿಯಿಂದ ನಲವತ್ತೈದು ನಿಮಿಷಕ್ಕಿಂತ ದೂರದಲ್ಲಿಲ್ಲ. ಇದು ಜಂಬದ ಮಾತಲ್ಲ, ದಾಖಲೆಯಲ್ಲಿರುವ ಸಂಗತಿ. ಆ ದಾಖಲೆಯನ್ನು ಇಪ್ಪತ್ತಮೂರು ವರ್ಷಗಳಿಂದ ಬರೆಯುತ್ತಾ ಬಂದವನು ನಾನೇ ಆದ್ದರಿಂದ ಅದನ್ನು ಅನುಮಾನಿಸಲು ನನಗೆ ಯಾವ ಕಾರಣವೂ ಇಲ್ಲ.

ನಾನು ಪ್ರಯಾಣ ಕಾಲ ನಿರ್ಧಾರ ವಿಭಾಗದ ಅಧೀಕ್ಷಕ. ವಿಭಾಗದಲ್ಲಿ ನಾನು, ಒಂದು ಮೇಜು ಮತ್ತು ಒಂದು ಸ್ಟಾಪ್‌ವಾಚ್ ಇದ್ದೇವೆ. ನಿಯಮ ಹದಿನೇಳು ಹೀಗೆ ಹೇಳುತ್ತದೆ: “ನೌಕರರು ತಮ್ಮ ಕುಟುಂಬದೊಂದಿಗೆ ಹೆಚ್ಚಿನ ಸಮಯ ಕಳೆಯಬೇಕೆಂಬ ಘನ ಉದ್ದೇಶದಿಂದ, ಕಚೇರಿಯಿಂದ ನಲವತ್ತೈದು ನಿಮಿಷಗಳ ಪ್ರಯಾಣವನ್ನು ಮೀರಿದ ಸ್ಥಳದಲ್ಲಿ ಯಾರೂ ಮನೆ ಕೊಳ್ಳತಕ್ಕದ್ದಲ್ಲ. ಕೊಂಡಿದ್ದಲ್ಲಿ ಮೂವತ್ತು ದಿನಗಳೊಳಗೆ ಖಾಲಿ ಮಾಡತಕ್ಕದ್ದು.” ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ವಿವರಣೆಯಿದೆ: “ಪ್ರಯಾಣವೆಂದರೆ ಚಲನೆ. ನಿಂತಿರುವುದು ಪ್ರಯಾಣವಲ್ಲ.”

ಇದರಲ್ಲಿ ಗೊಂದಲಕ್ಕೆ ಎಡೆಯೇ ಇಲ್ಲ. ಬಸ್ಸು ಹೊರಟಾಗ ಗುಂಡಿ ಒತ್ತುತ್ತೇನೆ, ಬಸ್ಸು ನಿಂತಾಗ ಮತ್ತೆ ಒತ್ತುತ್ತೇನೆ. ಸಿಗ್ನಲ್ಲು, ರೈಲ್ವೆ ಗೇಟು, ಮುಂದಿನ ಲಾರಿಯವನ ಜಗಳ, ಇವೆಲ್ಲ ನಿಂತಿರುವ ಕಾಲ. ನಿಂತಿರುವವನು ಎಲ್ಲಿಗೂ ಹೋಗುತ್ತಿರುವುದಿಲ್ಲ ಎಂಬುದನ್ನು ಚಿಕ್ಕ ಮಕ್ಕಳೂ ಒಪ್ಪುತ್ತಾರೆ. ನನ್ನ ಸ್ವಂತ ಮನೆ ಕಚೇರಿಯಿಂದ ಹನ್ನೆರಡು ನಿಮಿಷದ ದೂರದಲ್ಲಿದೆ. ಸಾಧ್ಯವಾದ ಭಾನುವಾರಗಳಲ್ಲಿ ಹೋಗಿ ಬರುತ್ತೇನೆ.

ಕಳೆದ ವರ್ಷ ನಮ್ಮ ಕಡತಪಾಲಕ ಮನೆ ಕೊಳ್ಳಲು ಅರ್ಜಿ ಹಾಕಿದ. ಮೃದು ಮನುಷ್ಯ, ಕಡತಗಳನ್ನು ಕೂಡ ನಿಧಾನವಾಗಿ ಕೆಳಗಿಡುತ್ತಾನೆ. ಗಣಿತ ಕಲಿಸುವ ಹೆಂಡತಿ, ಅವಳ ತಾಯಿ, ಆರು ವರ್ಷದ ಮಗಳು, ಎಲ್ಲರೂ ಊರ ನಡುವಿನ ಎರಡು ಕೋಣೆಗಳಲ್ಲಿದ್ದರು. ಮನೆಯ ಮಾಲೀಕ ಖಾಲಿ ಮಾಡಿ ಅಂದಿದ್ದ. ಅರ್ಜಿಯಲ್ಲಿ ‘ಮನೆ ಕೊಳ್ಳುವ ಉದ್ದೇಶ’ ಎಂಬ ಕಡೆ ಅವನು ಬರೆದಿದ್ದ: “ಮಗಳ ಜೊತೆ ರಾತ್ರಿ ಊಟ ಮಾಡಲು.”

“ಇದೇನಯ್ಯಾ?” ಅಂದೆ.

“ಅವಳು ಎಂಟಕ್ಕೆ ಮಲಗಿಬಿಡ್ತಾಳೆ ಸಾರ್. ಅಷ್ಟರೊಳಗೆ ಮನೆ ಸೇರೋ ಹಾಗಿರಬೇಕು. ನನಗೆ ಬೇರೇನೂ ಬೇಡ.”

ಅಂಥ ಉದ್ದೇಶ ಪಟ್ಟಿಯಲ್ಲಿರಲಿಲ್ಲ. ‘ಇತರೆ’ ಎಂಬಲ್ಲಿ ಗುರುತು ಹಾಕಿಸಿದೆ.

ಅವರು ಮೊದಲು ಆರಿಸಿದ್ದು ಮರಗಳ ಬಡಾವಣೆ. ಹತ್ತಿರ, ನೆರಳು, ಮಗುವಿಗೆ ಆಟದ ಬಯಲು. ಇಡೀ ಸಂಸಾರದೊಂದಿಗೆ ಬಸ್ಸು ಹತ್ತಿದೆ. ಆ ರಸ್ತೆ ಉದ್ದಕ್ಕೂ ಅಗೆದಿರುವುದರಿಂದ ಬಸ್ಸು ತೆವಳುತ್ತದೆ, ಆದರೆ ಎಲ್ಲೂ ನಿಲ್ಲುವುದಿಲ್ಲ. ಹತ್ತುವವರು ಇಳಿಯುವವರು ಅದರ ಪಕ್ಕದಲ್ಲಿ ನಡೆಯುತ್ತಲೇ ಕೆಲಸ ಮುಗಿಸಿಕೊಳ್ಳುತ್ತಾರೆ. ಸರಿಯಾಗಿ ಐವತ್ತೊಂದು ನಿಮಿಷಕ್ಕೆ ತಲುಪಿದೆವು. ಐವತ್ತೊಂದೂ ಚಲನೆ.

“ದೂರವಾಯಿತು,” ಎಂದು ಬರೆದೆ.

ಟೀಚರಮ್ಮ ತಮ್ಮ ಕೈಗಡಿಯಾರ ನೋಡಿಕೊಂಡರು. “ಸಾರ್, ಒಂದು ಗಂಟೆಯೊಳಗೆ ಬಂದ್ವಲ್ಲ. ಇದಕ್ಕಿಂತ ಹತ್ತಿರದ್ದು ಎಲ್ಲಿ ಸಿಗುತ್ತೆ?”

“ಹತ್ತಿರದ್ದು ಬೇಕಾದರೆ ಇನ್ನೂ ಆಚೆ ಹೋಗಬೇಕಮ್ಮಾ,” ಅಂದೆ.

ಆಚೆ ಎಂದರೆ ಮೂರು ಗೇಟಿನ ಬಡಾವಣೆ. ಅದರ ದಲ್ಲಾಳಿ ನಮ್ಮ ಕಚೇರಿಯ ಮೆಟ್ಟಿಲ ಮೇಲೆಯೇ ಕರಪತ್ರ ಹಂಚುತ್ತಿದ್ದ: “ಮೂರು ರೈಲ್ವೆ ಗೇಟುಗಳು! ಹನ್ನೊಂದು ಸಿಗ್ನಲ್ಲುಗಳು! ಕೆಟ್ಟು ನಿಂತ ಲಾರಿಗಳು ಪ್ರತಿದಿನ! ಕಚೇರಿಗೆ ಕೇವಲ ಮೂವತ್ತೊಂಬತ್ತು ನಿಮಿಷ!” ಮರಗಳ ಬಡಾವಣೆಯ ಮನೆಗಿಂತ ಅಲ್ಲಿನ ಮನೆಗೆ ಬೆಲೆ ದುಪ್ಪಟ್ಟು. ಹತ್ತಿರದ ಜಾಗಕ್ಕೆ ಬೆಲೆ ಹೆಚ್ಚಿರುವುದು ಸಹಜ.

“ಗೇಟಿದ್ರೆ ಹೇಗ್ರೀ ಹತ್ತಿರ ಆಗುತ್ತೆ?” ಟೀಚರಮ್ಮ ಅವನನ್ನೇ ಹಿಡಿದು ಕೇಳಿದರು.

ದಲ್ಲಾಳಿ ಪಾಠ ಹೇಳುವವನಂತೆ ಬೆರಳು ಮಡಚಿದ. “ನೋಡಿ ಮೇಡಂ. ಗೇಟಲ್ಲಿ ನಿಂತಷ್ಟೂ ಡ್ರೈವರ್‌ಗೆ ಸಿಟ್ಟು. ಸಿಟ್ಟು ಹೆಚ್ಚಾದಷ್ಟೂ ಸ್ಪೀಡು. ಸ್ಪೀಡು ಹೆಚ್ಚಾದಷ್ಟೂ ನಿಮಿಷ ಕಮ್ಮಿ. ನಿಮಿಷ ಕಮ್ಮಿ ಆದ್ರೆ ಹತ್ತಿರ ತಾನೇ? ಮುಂದಿನ ವರ್ಷ ನಾಲ್ಕನೇ ಗೇಟೂ ಬರ್ತಿದೆ.”

“ಅಲ್ಲಿ ಇನ್ನೊಂದು ರೈಲು ಹಳಿ ಇದೆಯಾ?”

“ಮೊದಲು ಗೇಟ್ ಹಾಕ್ತೀವಿ. ಹಳಿ ಆಮೇಲೆ ತಾನಾಗೇ ಬರುತ್ತೆ ಬಿಡಿ.”

ಒಂಬತ್ತಕ್ಕೆ ಕಚೇರಿಯಿಂದ ಹೊರಟೆವು. ಮೊದಲ ಗೇಟಿನಲ್ಲಿ ಅಜ್ಜಿ ಒಂದು ನಿದ್ದೆ ಮುಗಿಸಿದರು. ಎರಡನೆಯದರಲ್ಲಿ ಮಗು ಕಿಟಕಿಯಿಂದ ಕಾಣುವ ಬೋರ್ಡುಗಳನ್ನೆಲ್ಲ ಓದಿ, ಮತ್ತೆ ಹಿಂದಿನಿಂದ ಮುಂದಕ್ಕೆ ಓದಿತು. ಗೇಟು ತೆರೆದಾಗಲೆಲ್ಲ ಡ್ರೈವರು ಹಲ್ಲು ಕಡಿದು ಬಸ್ಸನ್ನು ಹಾರಿಸಿದ. ಆಗ ನಾವು ಪ್ರಯಾಣ ಮಾಡಿದೆವು. ಇಳಿದಾಗ ಕಡತಪಾಲಕನ ಮುಖ ಬಿಳಿಚಿತ್ತು, ನನ್ನ ಗಡಿಯಾರದಲ್ಲಿ ಮೂವತ್ತೊಂಬತ್ತು ನಿಮಿಷವಿತ್ತು.

“ಸಾರ್, ಈಗ ಹನ್ನೊಂದು ಐವತ್ತು,” ಅಂದರು ಟೀಚರಮ್ಮ. “ಒಂಬತ್ತರಿಂದ ಹನ್ನೊಂದು ಐವತ್ತಕ್ಕೆ ಎಷ್ಟಾಯ್ತು? ನನ್ನ ಮೂರನೇ ಕ್ಲಾಸಿನ ಮಕ್ಕಳೂ ಹೇಳ್ತಾರೆ.”

“ಅದು ನಿಮ್ಮ ಶಾಲೆಯ ಲೆಕ್ಕ ಅಮ್ಮಾ. ನಮ್ಮದು ಪ್ರಯಾಣದ ಲೆಕ್ಕ.”

“ರೀ, ನೀವಾದ್ರೂ ಬಾಯಿ ಬಿಡ್ರೀ,” ಎಂದು ಗಂಡನ ಕಡೆ ತಿರುಗಿದರು. ಮಾಲೀಕ ಕೊಟ್ಟ ಗಡುವು ಮುಗಿಯುತ್ತಾ ಬಂದಿತ್ತು, ನಿಯಮದೊಳಗೆ ಸಿಕ್ಕಿದ್ದು ಇದೊಂದೇ ಮನೆ. ಕೊಂಡರು.

ಮನೆಯೇನೋ ಚೆನ್ನಾಗಿತ್ತು. ಬೆಳಿಗ್ಗೆ ಆರಕ್ಕೆ ಕಡತಪಾಲಕ ಹೊರಡುವಾಗ ಮಗು ಮಲಗಿರುತ್ತಿತ್ತು. ಸಂಜೆ ಐದೂವರೆಗೆ ಕಚೇರಿ ಬಿಟ್ಟು ಎಂಟು ಇಪ್ಪತ್ತಕ್ಕೆ ಮನೆ ಸೇರುವಾಗಲೂ ಮಲಗಿರುತ್ತಿತ್ತು. ಎರಡು ತಿಂಗಳಾದ ಮೇಲೆ ಆ ಮಗು, “ಅಮ್ಮಾ, ಅಪ್ಪ ಅಂದ್ರೆ ಭಾನುವಾರ ಬರೋರಲ್ವಾ?” ಎಂದು ಕೇಳಿತಂತೆ. ಕಡತಪಾಲಕ ಇದನ್ನು ನನ್ನ ಮೇಜಿನ ಮುಂದೆ ನಿಂತು ಹೇಳಿ ಕಣ್ಣೊರೆಸಿಕೊಂಡ. ನನಗೂ ಸಂಕಟವಾಯಿತು. ಆದರೆ ಸಂಕಟವನ್ನು ನಮೂದಿಸುವ ಕಾಲಂ ನಮ್ಮಲ್ಲಿಲ್ಲ.

ಟೀಚರಮ್ಮ ಅಳುವವರಲ್ಲ. ನೇರವಾಗಿ ಮೇಲಧಿಕಾರಿಗಳಿಗೆ ಅರ್ಜಿ ಬರೆದರು: “ತಮ್ಮ ದಾಖಲೆಯ ಪ್ರಕಾರ ನನ್ನ ಪತಿ ಪ್ರತಿದಿನ ಸಂಜೆ ಆರು ಗಂಟೆ ಒಂಬತ್ತು ನಿಮಿಷಕ್ಕೆ ಮನೆ ತಲುಪುತ್ತಾರೆ. ನಮ್ಮ ಮನೆಯಲ್ಲಿ ಆ ಹೊತ್ತಿಗೆ ಅವರು ಕಾಣಿಸುವುದಿಲ್ಲ. ದಯವಿಟ್ಟು ಹುಡುಕಿಕೊಡಬೇಕು.”

ಮೇಲಧಿಕಾರಿಗಳು ತುರ್ತು ಸಭೆ ಕರೆದರು. ದಾಖಲೆ ತಪ್ಪಾಗಿರಲು ಸಾಧ್ಯವಿಲ್ಲವೆಂದು ಮೊದಲ ಐದು ನಿಮಿಷದಲ್ಲೇ ಎಲ್ಲರೂ ಒಪ್ಪಿದರು. ನೌಕರ ಆರು ಒಂಬತ್ತಕ್ಕೆ ಮನೆಯಲ್ಲಿರುವುದು ಖಚಿತ, ಅವನು ಬಸ್ಸಿನಲ್ಲಿ ಕೂತಿರುವುದೂ ಖಚಿತ. ಉಳಿದದ್ದು ಸುಲಭವಾಯಿತು. ಮರುದಿನ ಸುತ್ತೋಲೆ ಬಂತು: “ಸಂಜೆ ಆರು ಗಂಟೆ ಒಂಬತ್ತು ನಿಮಿಷದ ನಂತರ ಸದರಿ ನೌಕರನು ಕುಳಿತಿರುವ ಬಸ್ಸಿನ ಆಸನವನ್ನು ಅವನ ಮನೆಯ ಭಾಗವೆಂದು ಪರಿಗಣಿಸತಕ್ಕದ್ದು. ಕುಟುಂಬದ ಸದಸ್ಯರಿಗೆ ಅಲ್ಲಿಗೆ ಮುಕ್ತ ಪ್ರವೇಶವಿರುತ್ತದೆ.”

ಟೀಚರಮ್ಮ ಸುತ್ತೋಲೆಯನ್ನು ಎರಡು ಸಲ ಓದಿದರು. ಮೂರನೇ ಗೇಟು ಅವರ ಮನೆಯಿಂದ ಇಪ್ಪತ್ತು ನಿಮಿಷದ ನಡಿಗೆ. ಬಸ್ಸು ಏಳು ಗಂಟೆಗೆ ಅಲ್ಲಿಗೆ ಬಂದು ಎಂಟೂಕಾಲಿನವರೆಗೆ ನಿಂತಿರುತ್ತದೆ. ಕಡತಪಾಲಕ ಅಲ್ಲೇ ಇಳಿದು ನಡೆದುಬಿಡಬಹುದಿತ್ತು. ಆದರೆ ನಡಿಗೆ ಚಲನೆ. ಆ ಇಪ್ಪತ್ತು ನಿಮಿಷ ಸೇರಿದರೆ ಒಟ್ಟು ಐವತ್ತನಾಲ್ಕಾಗಿ ಮನೆಯೇ ಕೈತಪ್ಪುತ್ತದೆ ಎಂದು ನಾನು ಮೊದಲೇ ಎಚ್ಚರಿಸಿದ್ದೆ. ಕುಟುಂಬದವರ ನಡಿಗೆಗೆ ಮಾತ್ರ ಯಾವ ನಿಯಮವೂ ಅನ್ವಯಿಸುವುದಿಲ್ಲ. ಅಂದು ಸಂಜೆ ಟೀಚರಮ್ಮ, ಅಜ್ಜಿ, ಮಗು ಮೂವರೂ ಊಟದ ಡಬ್ಬಿ ಹಿಡಿದು ಗೇಟಿನ ಬಳಿಗೆ ಬಂದು ಬಸ್ಸು ಹತ್ತಿದರು.

“ಎಲ್ಲಿಗಮ್ಮಾ?” ಕಂಡಕ್ಟರ್ ಕೇಳಿದ.

“ಎಲ್ಲಿಗೂ ಇಲ್ಲಪ್ಪಾ, ಮನೇಲಿದ್ದೀವಿ,” ಅಂದರು ಅಜ್ಜಿ, ಸೀಟಿನ ಧೂಳು ಸೆರಗಿನಿಂದ ಒರೆಸುತ್ತಾ.

ಅಪ್ಪ ಮಗಳು ಆ ದಿನ ಒಂದೇ ತಟ್ಟೆಯಲ್ಲಿ ಊಟ ಮಾಡಿದರು. ತಿಂಗಳೊಳಗೆ ಬಡಾವಣೆಯ ಎಲ್ಲ ಸಂಸಾರಗಳೂ ಬರತೊಡಗಿದವು. ಕಿಟಕಿಗಳಿಗೆ ಪರದೆ ಬಂತು. ಹಿಂದಿನ ಸೀಟಿನವರಿಗೂ ಮುಂದಿನ ಸೀಟಿನವರಿಗೂ ಪಾತ್ರೆ ಸದ್ದಿನ ವಿಚಾರಕ್ಕೆ ಮಾತು ಬಿಟ್ಟಿತು, ಅಂದರೆ ನೆರೆಹೊರೆಯ ಸಂಬಂಧ ಸರಿಯಾಗಿ ಕುದುರಿತು. ದಲ್ಲಾಳಿ ಹೊಸ ಕರಪತ್ರ ಅಚ್ಚು ಹಾಕಿಸಿದ: “ಊಟದ ಕೋಣೆ ಪ್ರತ್ಯೇಕ!”

ಹೀಗಿರುವಾಗ ರೈಲ್ವೆಗೆ ಹೊಸ ಅಧಿಕಾರಿಯೊಬ್ಬರು ಬಂದರು. ದಕ್ಷರು. ಗೇಟುಗಳನ್ನು ಹತ್ತು ನಿಮಿಷಕ್ಕಿಂತ ಹೆಚ್ಚು ಮುಚ್ಚಕೂಡದೆಂದು ಆಜ್ಞೆ ಮಾಡಿದರು. ಗೇಟುಗಳು ಪಟಪಟನೆ ತೆರೆದುಕೊಂಡವು. ಡ್ರೈವರಿಗೆ ಸಿಟ್ಟು ಬರಲು ಕಾರಣವೇ ಇಲ್ಲವಾಯಿತು. ಆತ ಹಾಡು ಗುನುಗುತ್ತಾ, ರಸ್ತೆ ದಾಟುವ ಮುದುಕರಿಗೆ ಕೈಬೀಸುತ್ತಾ, ಆರಾಮವಾಗಿ ಬಸ್ಸು ಬಿಡತೊಡಗಿದ. ಕಡತಪಾಲಕ ಏಳಕ್ಕೆಲ್ಲ ಮನೆಯಲ್ಲಿರುತ್ತಿದ್ದ. ಮಗು ಎಚ್ಚರವಾಗಿರುತ್ತಿತ್ತು.

ಇಂಥ ಬದಲಾವಣೆಯಾದಾಗ ಮರು ಅಳತೆ ಕಡ್ಡಾಯ. ಸ್ಟಾಪ್‌ವಾಚ್ ಹಿಡಿದು ಹೋದೆ. ನಲವತ್ತೇಳು ನಿಮಿಷ. ಬಡಾವಣೆ ಒಂದೇ ವಾರದಲ್ಲಿ ಎಂಟು ನಿಮಿಷ ದೂರ ಸರಿದಿತ್ತು. ಮೂವತ್ತು ದಿನದೊಳಗೆ ಮನೆ ಖಾಲಿ ಮಾಡಬೇಕೆಂಬ ನೋಟೀಸನ್ನು ನನ್ನ ಕೈಯಾರೆ ಕೊಟ್ಟೆ. ಕಡತಪಾಲಕ ಅದನ್ನು ಓದಿ, ಅಭ್ಯಾಸಬಲದಿಂದ ನಿಧಾನವಾಗಿ ಕಡತಕ್ಕೆ ಸೇರಿಸಿದ.

“ಈಗಷ್ಟೇ ಸರಿಹೋಗಿತ್ತು ಸಾರ್,” ಅಂದ.

“ಅದೇ ತೊಂದರೆಯಾಗಿದ್ದು,” ಅಂದೆ.

ಟೀಚರಮ್ಮ ರೈಲ್ವೆ ಅಧಿಕಾರಿಗಳ ಎದುರು ಸುತ್ತೋಲೆ ಹಿಡಿದು ನಿಂತರು. ಬಸ್ಸಿನ ಆಸನ ನಮ್ಮ ಮನೆ, ಮಗು ಊಟಕ್ಕೆ ಕೂತಿರುವಾಗ ಮನೆಯನ್ನು ಎಳೆದುಕೊಂಡು ಹೋಗಲು ನಿಮಗೆ ಯಾವ ಅಧಿಕಾರವಿದೆ, ಎಂದು ಕೇಳಿದರು. ದಕ್ಷ ಅಧಿಕಾರಿಗಳು ತಮ್ಮ ನಿಯಮ ಪುಸ್ತಕವನ್ನೆಲ್ಲ ತಿರುವಿ ಹಾಕಿದರು. ಅಂಥ ಅಧಿಕಾರ ಸಿಗಲಿಲ್ಲ. “ಸರಿ, ಮಗುವಿನ ಊಟಕ್ಕೆ ಎಷ್ಟು ಹೊತ್ತು ಬೇಕು ಅಂತ ಪ್ರಮಾಣಪತ್ರ ತನ್ನಿ. ಅಷ್ಟು ಹೊತ್ತು ಮೂರನೇ ಗೇಟು ಮುಚ್ಚಿಸ್ತೀನಿ, ಉಳಿದೆರಡು ಮೊದಲಿನ ಹಾಗೇ,” ಅಂದರು.

ಕಾಲದ ಪ್ರಮಾಣಪತ್ರ ಕೊಡುವವನು ನಾನೊಬ್ಬನೇ. ಆ ಸಂಜೆ, ಅಳತೆಗೆಂದು ಮೂರನೇ ಗೇಟಿನಲ್ಲಿ ತಡೆದು ನಿಲ್ಲಿಸಿದ ಬಸ್ಸಿನಲ್ಲಿ, ಮಗುವಿನ ಎದುರು ಸೀಟಿನಲ್ಲಿ ಕೂತೆ. ಮಗು ಒಂದು ತುತ್ತು ಬಾಯಿಗಿಟ್ಟಿತು. ಗುಂಡಿ ಒತ್ತಿದೆ. ನುಂಗಿತು. ಮತ್ತೆ ಒತ್ತಿದೆ. ಊಟವೆಂದರೆ ಅಗಿಯುವುದು, ಅಗಿಯುವುದೆಂದರೆ ದವಡೆಯ ಚಲನೆ. ಹೀಗೆ ಲೆಕ್ಕ ಹಾಕಿದರೆ ಇಡೀ ಊಟ ಆರೂವರೆ ನಿಮಿಷಕ್ಕೆ ಮುಗಿಯುವಂತಿತ್ತು. ಕಡತಪಾಲಕ ಒಮ್ಮೆ ನನ್ನ ಹೆಬ್ಬೆರಳನ್ನು ನೋಡುತ್ತಿದ್ದ, ಒಮ್ಮೆ ಮಗಳನ್ನು ನೋಡುತ್ತಿದ್ದ. ಅವನ ತುತ್ತು ಕೈಯಲ್ಲೇ ಇತ್ತು.

ಮಗು ಊಟ ಬಿಟ್ಟು ಮಾತು ಶುರುಮಾಡಿತು. “ಅಪ್ಪಾ, ಇವತ್ತು ನಮ್ಮ ಕ್ಲಾಸಲ್ಲಿ ಒಬ್ಬಳ ಹಲ್ಲು ಬಿತ್ತು. ಅವಳು ಅದನ್ನ ಪೆನ್ಸಿಲ್ ಡಬ್ಬೀಲಿ ಇಟ್ಕೊಂಡಿದಾಳೆ. ನಂದು ಯಾವಾಗ ಬೀಳುತ್ತೆ?” ನಾನು ಸ್ಟಾಪ್‌ವಾಚ್ ನಿಲ್ಲಿಸಿದೆ.

“ಯಾಕೆ ಸಾರ್ ನಿಲ್ಲಿಸಿದ್ರಿ?” ಟೀಚರಮ್ಮ ಕೇಳಿದರು. “ಅವಳ ದವಡೆ ಆಡ್ತಾನೇ ಇದೆಯಲ್ಲ.”

ನೋಡಿದೆ. ಆಡುತ್ತಲೇ ಇತ್ತು. ಚಲನೆ ಚಲನೆಯೇ. ನಿಯಮದ ಪ್ರಕಾರ ಗುಂಡಿ ಒತ್ತಿದೆ. ಆಮೇಲೆ ನನ್ನ ಹೆಬ್ಬೆರಳಿಗೆ ಕೆಲಸವಿರಲಿಲ್ಲ. ಹಲ್ಲಿನ ಕಥೆ ಮುಗಿದು ಬೆಕ್ಕಿನ ಕಥೆ ಬಂತು, ಬೆಕ್ಕಿನದು ಮುಗಿಯುವ ಮುಂಚೆ ಎರಡು ಹಾಡು ಬಂದವು, ನಡುವೆ ಅಲ್ಲೊಂದು ಇಲ್ಲೊಂದು ತುತ್ತು. ಕಡತಪಾಲಕ ಹೂಂಗುಟ್ಟುತ್ತಾ ಉಣ್ಣುತ್ತಿದ್ದ. ಅಷ್ಟು ಸುಖವಾಗಿ ಯಾರಾದರೂ ಊಟ ಮಾಡಿದ್ದನ್ನು ನಾನು ನೋಡಿ ಬಹಳ ವರ್ಷಗಳಾಗಿದ್ದವು. ಎಪ್ಪತ್ತೆರಡು ನಿಮಿಷವೆಂದು ಬರೆದು ಸಹಿ ಹಾಕಿ ಮೊಹರು ಒತ್ತಿದೆ.

ಗೇಟುಗಳು ಮತ್ತೆ ಮುಚ್ಚಿದವು, ಡ್ರೈವರಿಗೆ ಸಿಟ್ಟು ಬಂತು, ಬಡಾವಣೆ ಮೂವತ್ತೊಂಬತ್ತು ನಿಮಿಷಕ್ಕೆ ವಾಪಸಾಯಿತು. ನೋಟೀಸು ರದ್ದಾಯಿತು. ಈಗ ಮೂರನೇ ಗೇಟು ತೆರೆಯುವುದು ಆ ಮಗು ಕೈತೊಳೆದುಕೊಂಡು ಗೇಟ್‌ಮನ್‌ಗೆ ಕೈಬೀಸಿದ ಮೇಲೆಯೇ. ರೈಲು ಹೋಗಿ ಎಷ್ಟೋ ಹೊತ್ತಾಗಿರುತ್ತದೆ. ಯಾರೂ ಹಾರ್ನ್ ಮಾಡುವುದಿಲ್ಲ. ದಕ್ಷ ಅಧಿಕಾರಿಗಳೂ ಅದೇ ಬಡಾವಣೆಯಲ್ಲಿ ಮನೆ ಕೊಂಡಿದ್ದಾರೆ. ಅವರ ಸಂಸಾರ ಬಲಗಡೆಯ ನಾಲ್ಕನೇ ಸಾಲಿನಲ್ಲಿ ಕೂರುತ್ತದೆ.

ಮೊನ್ನೆ ಮಗುವಿಗೆ ಜ್ವರ ಬಂದು ಊಟಕ್ಕೆ ಬರಲಾಗಲಿಲ್ಲ. ಊಟ ಶುರುವಾಗದ ಕಾರಣ ಮುಗಿಯಲೂ ಇಲ್ಲ, ಗೇಟು ಬೆಳಗಾಗುವವರೆಗೆ ಮುಚ್ಚಿಯೇ ಇತ್ತು. ಅಂದು ಎಲ್ಲ ನೌಕರರೂ ಸಂಜೆ ಆರು ಗಂಟೆ ಒಂಬತ್ತು ನಿಮಿಷಕ್ಕೆ ಸರಿಯಾಗಿ ಮನೆ ತಲುಪಿದರೆಂದು, ಅವರ ಜೊತೆ ಅದೇ ಬಸ್ಸಿನಲ್ಲಿ ಕೂತು ನಾನೇ ದಾಖಲಿಸಿದ್ದೇನೆ.