ಬೆಳೆಯುವ ಗಂಡಸಿಗೆ ತಾವು ಆರಿಸಿಕೊಟ್ಟ ಸ್ಕೀ

ಮಲೇಷ್ಯಾದ ಸುಬಾಂಗ್ ಜಯಾದ ಮಾಲ್‌ನಲ್ಲಿ ಗಿರಾಕಿಯ ಯೋಗ್ಯತೆ ವಿಚಾರಿಸಿ, ಹಿಮದ ಮೇಲೆ ಜಾರುವ ಸ್ಕೀ ಹಲಗೆ ಆರಿಸಿಕೊಡುವ ಯಂತ್ರ ಮಹಾಶಯರ ದಿವ್ಯ ಪರದೆಗೆ, ಪೆಟಾಲಿಂಗ್ ಜಯಾದ ಹದಿನಾಲ್ಕನೇ ಮಹಡಿಯಿಂದ ರಮಾನಂದನ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ಮೊದಲು ತಪ್ಪೊಪ್ಪಿಗೆ. ತಾವು 'ಸಾಮರ್ಥ್ಯ' ಎಂದು ಕೇಳಿದಾಗ 'ಕಲಿಯುವವ' ಎಂಬುದನ್ನು ದಾಟಿ 'ಪರಿಣತ' ಎಂಬುದನ್ನು ಒತ್ತಿದ ಹೆಬ್ಬೆರಳು ನನ್ನದೇ. ಆದರೆ ಅದು ಸುಳ್ಳಲ್ಲ, ಸಂಪ್ರದಾಯ. ಮೈಸೂರಿನಲ್ಲಿ ಅಮ್ಮ, ಬೆಳೆಯುವ ಹುಡುಗನೆಂದು, ನನ್ನ ಯೂನಿಫಾರ್ಮನ್ನು ಯಾವಾಗಲೂ ಎರಡು ಸೈಜ್ ದೊಡ್ಡದಾಗಿಯೇ ಹೊಲಿಸುತ್ತಿದ್ದಳು. ನಲವತ್ತೇಳರಲ್ಲೂ ನಾನು ಅದೇ ನಂಬಿಕೆಯಲ್ಲಿದ್ದೆ. ತಾವೂ ನಂಬಿಬಿಟ್ಟಿರಿ! ಹೆಂಡತಿ ಮಾನಸ ಇಪ್ಪತ್ತು ವರ್ಷದಲ್ಲಿ ಕೊಡದ ಮರ್ಯಾದೆಯನ್ನು ಇಪ್ಪತ್ತು ಸೆಕೆಂಡಿನಲ್ಲಿ ಕೊಟ್ಟು, ನನಗಿಂತ ಗೇಣುದ್ದ ಎತ್ತರದ, ನನ್ನ ಭಾರಕ್ಕೂ ಬಗ್ಗದ ಸ್ಕೀ ಜೋಡಿಯನ್ನು ದಯಪಾಲಿಸಿದಿರಿ.

'ಗುರಿ' ಏನೆಂದೂ ಕೇಳಿದಿರಿ. ವೇಗ, ವಿಹಾರ, ವ್ಯಾಯಾಮ ಎಲ್ಲ ಇದ್ದವು. ನನ್ನ ಏಕೈಕ ಗುರಿಯಾದ ಷಡ್ಡಕ ಕೀರ್ತಿರಾಜ್ ಮಾತ್ರ ಪಟ್ಟಿಯಲ್ಲಿರಲಿಲ್ಲ. ಪುತ್ರಜಯಾ ಊರಿನ ಈ ಪುಣ್ಯಾತ್ಮನಿಗೆ, ಸ್ವಿಟ್ಜರ್ಲೆಂಡಿನಲ್ಲಿ ಸ್ಕೀ ಆಡಿದ್ದೇನೆಂದು ಹತ್ತು ವರ್ಷದಿಂದ ಪ್ರತಿ ಹಬ್ಬದೂಟದಲ್ಲೂ ಹೋಳಿಗೆಯ ಜೊತೆಗೆ ಬಡಿಸುತ್ತ ಬಂದಿದ್ದೆ. ಕಳೆದ ಭಾನುವಾರ ಆತ ಇಡೀ ಬಳಗವನ್ನು ತಮ್ಮ ಮಾಲ್‌ನೊಳಗಿನ ಕೃತಕ ಹಿಮದ ಗುಡ್ಡದ ಬುಡಕ್ಕೆ ಕರೆತಂದು, "ಭಾವ, ನಿಮ್ಮ ಸ್ವಿಟ್ಜರ್ಲೆಂಡ್ ಇವತ್ತು ನೋಡೇಬಿಡೋಣ ಲಾ" ಎಂದು ಇಲ್ಲಿನವರ 'ಲಾ' ಹಚ್ಚಿ ಹೇಳಿದ. ನನ್ನ ಮಾನವೆಲ್ಲ ತಮ್ಮ ಸ್ಕೀಗಳ ಮೇಲೆ ನಿಂತಿತ್ತು, ನಿಲ್ಲಲಾಗದಿದ್ದವನು ನಾನೊಬ್ಬನೇ.

ನಾನಿನ್ನೂ ಸಾಲಿನಲ್ಲಿದ್ದಾಗಲೇ ಸ್ಕೀಗಳ ಮೂತಿ ಗುಡ್ಡ ತಲುಪಿತ್ತು. ಮೇಲೆ ಹೋದ ಮೇಲಂತೂ ಎಡಗಾಲು ಪೂರ್ವಕ್ಕೂ ಬಲಗಾಲು ಪಶ್ಚಿಮಕ್ಕೂ ಪ್ರಯಾಣ ಬೆಳೆಸಿದವು. ಜಾರಿಕೊಳ್ಳುವುದರಲ್ಲಿ ಪರಿಣತನಾದವನನ್ನು ಜಾರುವುದರಲ್ಲಿಯೂ ಪರಿಣತನೆಂದು ತಿಳಿದ ತಮ್ಮ ಔದಾರ್ಯ ದೊಡ್ಡದು! ಆದರೂ ಆ ತುದಿಯಿಂದ ನಾನು ಒಮ್ಮೆಯೂ ಬೀಳದೆ ಕೆಳಗಿಳಿದೆನೆಂಬುದನ್ನು ಇಡೀ ಮಲೇಷ್ಯಾ ಅರಿಯಲಿ.

ಸ್ಕೀ ವಾಪಸು ಪಡೆಯಿರಿ ಎನ್ನುವಷ್ಟು ಸಣ್ಣವನಲ್ಲ ನಾನು. ಅವಕ್ಕೆ ತಕ್ಕಂತೆ ನನ್ನನ್ನೇ ಎರಡು ಸೈಜ್ ಬೆಳೆಸಿಕೊಡಿ. ಆಗದಿದ್ದರೆ ಗುಡ್ಡವನ್ನು ಮಟ್ಟಸ ಮಾಡಿಸಿ. ಅದೂ ಆಗದಿದ್ದರೆ ಸಾಮರ್ಥ್ಯದ ಪಟ್ಟಿಗೆ 'ಹಬ್ಬದೂಟದಲ್ಲಿ ಮಾತ್ರ ಪರಿಣತ' ಎಂದು ಸೇರಿಸಿ. ಅಲ್ಲಿಯತನಕ ಅವು ಬಾಲ್ಕನಿಯಲ್ಲಿ ಮಾನಸಳ ಸೀರೆ ಒಣಗಿಸುತ್ತಿರುತ್ತವೆ. ಆ ಕೆಲಸಕ್ಕೆ ತಮ್ಮ ಅಳತೆ ಕರಾರುವಾಕ್ಕು.

ತಮ್ಮನ್ನು ನಂಬಿಸಿ ಕೆಟ್ಟ,
ತಮ್ಮ ವಿಶ್ವಾಸಿ,
ರಮಾನಂದ

ಮರೆತ ಮಾತು: ಮುಂದಿನ ಗಿರಾಕಿ 'ಪರಿಣತ' ಎಂದು ಒತ್ತಿದರೆ, ಇರುವ ಕ್ಯಾಮೆರಾದಿಂದ ಅವನ ಹೊಟ್ಟೆಯನ್ನೊಮ್ಮೆ ನೋಡುವ ಕೃಪೆಯಾಗಲಿ. ಬೀಳದೆ ಇಳಿದದ್ದು ಸತ್ಯವೇ. ಸ್ಕೀ ಬಿಚ್ಚಿಸಿಕೊಂಡು, ಮಕ್ಕಳಾಡುವ ಗಾಳಿಯ ಟ್ಯೂಬಿನಲ್ಲಿ, ಕೀರ್ತಿರಾಜ್‌ನ ಮಡಿಲಲ್ಲಿ ಕಣ್ಮುಚ್ಚಿ ಕೂತು. ಅರ್ಧದಾರಿಯಲ್ಲಿ ಆತ ಬಲು ಮೃದುವಾಗಿ ಕೇಳಿದ: "ಭಾವ, ಸ್ವಿಟ್ಜರ್ಲೆಂಡಲ್ಲಿ ನಿಮ್ಮನ್ನ ಯಾರು ಎತ್ಕೊಂಡಿದ್ರು?"