ಶಿವನಂಜಪ್ಪ ಗೋಡೆ ಬೇಯಿಸಿದ್ದು

ಹಸಿ ಹೊಗೆಸೊಪ್ಪನ್ನು ಬ್ಯಾರನ್ ಎಂಬ ಬೆಂಕಿಗೂಡಿನ ಬಿಸಿಯಲ್ಲಿ ಒಣಗಿಸಿ ಚಿನ್ನದ ಬಣ್ಣಕ್ಕೆ ತರುವುದರಲ್ಲಿ ಹಾರನಹಳ್ಳಿ ಹೋಬಳಿಗೇ ಶಿವನಂಜಪ್ಪನವರನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಇದು ಊರಿನವರ ಮಾತಲ್ಲ, ಅವರದೇ ಮಾತು! ಅಂಥವರ ಮನೆಯಲ್ಲಿ ಮಲಗುವ ಕೋಣೆಯ ಗೋಡೆ, ಮೋಡದ ಚೂರೂ ಇಲ್ಲದ ಬಿರುಬೇಸಿಗೆಯಲ್ಲಿ, ಸೊಂಟದೆತ್ತರಕ್ಕೆ ಒದ್ದೆಯಾಗಿ ಸುಣ್ಣ ಉದುರಿಸತೊಡಗಿತು. ಬೂಷ್ಟಿನ ವಾಸನೆಗೆ ಹೆಂಡತಿ ಜಯಲಕ್ಷ್ಮಮ್ಮನವರಿಗೆ ಕೆಮ್ಮು ಹತ್ತಿತು. ಕೆಮ್ಮು ಉಬ್ಬಸವಾಯಿತು.

"ಉಸ್ರು ಕಟ್ತದೆ ಕಣ್ರೀ. ಗ್ವಾಡೆ ಒಣಗೋವರ್ಗೂ ಅಣ್ಣನ ಮನೇಲಿರ್ತೀನಿ," ಎಂದು ಆಕೆ ಬ್ಯಾಗು ಹಿಡಿದು ಹುಣಸೂರಿನ ಬಸ್ಸು ಹತ್ತಿದರು.

"ಹಸಿ ಎಲೇನೇ ಒಣಗ್ಸೋನಿಗೆ ಗ್ವಾಡೆ ಯಾವ ಲೆಕ್ಕ ಬುಡು!" ಎಂದು ಇವರು ಬಸ್ಸಿನ ಹಿಂದೆ ಕೂಗಿದರು. ಕೂಗಿದ್ದೇನೋ ಕೂಗಿದರು. ಖಾಲಿ ಮನೆಗೆ ಬಂದು ತಣ್ಣನೆ ಮುದ್ದೆ ಮುರಿದು, ಅರ್ಧಕ್ಕೇ ತಟ್ಟೆ ಸರಿಸಿದರು. ಆಕೆಯಿಲ್ಲದ ಮನೆ ಅವರಿಗೆ ಸೇರುವುದೇ ಇಲ್ಲ.

ಶುರುವಾಯಿತು ಮಹಾಯಜ್ಞ! ಬ್ಯಾರನ್ನಿನ ಥರ್ಮಾಮೀಟರು ಕೋಣೆಗೆ ಬಂತು. ಕಿಟಕಿ ಮುಚ್ಚಿ, ಬಾಣಲಿ ಬಾಣಲಿ ಕೆಂಡ ಇಟ್ಟು, ಬಾಗಿಲಾಚೆ ಕಾವಲು ಕೂತರು. ಕ್ಯಾಲೆಂಡರಿನ ದೇವರು ಸುರುಳಿ ಸುತ್ತಿಕೊಂಡ. ಪ್ಲಾಸ್ಟಿಕ್ ಬಾಚಣಿಗೆ ಬಾಗಿ ನಮಸ್ಕಾರ ಮಾಡಿತು. ಆದರೆ ಗೋಡೆ ಬೆಳ್ಳಗಾಯಿತು!

"ಕಲರ್ ಕಟ್ತು ಕಣೋ ಕುಳ್ಳಯ್ಯ!" ಎಂದು ಪಕ್ಕದ ಮನೆಯವನಿಗೆ ಸಾರಿ, ತಾವೇ ಹೋಗಿ ಹೆಂಡತಿಯನ್ನು ಕರೆತಂದರು.

ಮಾರನೆಯ ದಿನವೇ ಗೋಡೆ ಮತ್ತೆ ಬೆವರಿತು. ಸಿಟ್ಟಿಗೆದ್ದ ಶಿವನಂಜಪ್ಪ ಎರಡು ಪಟ್ಟು ಕೆಂಡ ಸುರಿದರು. ಈ ಸಲ ಗಿಲಾವು ಚಪ್ಪಡಿಯಂತೆ ಕಳಚಿ ದಬಾರನೆ ಬಿತ್ತು. ಒಳಗಿನ ಇಟ್ಟಿಗೆಯಿಂದ ನೀರು ಜಿನುಗುತ್ತಿತ್ತು.

ಜಯಲಕ್ಷ್ಮಮ್ಮ ಆ ಗೋಡೆಯ ಆಚೆ ಬದಿ ನೋಡಲು ಹಿತ್ತಿಲಿಗೆ ಹೋದರು. "ರೀ, ವಸಿ ಬನ್ನಿ ಇಲ್ಲಿ."

ಶಿವನಂಜಪ್ಪ ಬಂದರು, ಕೈಯಲ್ಲಿ ನೀರಿನ ಕ್ಯಾನು ಹಿಡಿದೇ. ಅದು ಸಸಿಗೆ ನೀರು ಚಿಮುಕಿಸುವ ಹೊತ್ತು! ಗಾಳಿ ಬಡಿಯದಿರಲಿ, ಆಡು ಬಾಯಿ ಹಾಕದಿರಲಿ ಎಂದು ಹೊಗೆಸೊಪ್ಪಿನ ಸಸಿಮಡಿಯನ್ನು ಅವರು ಆ ಗೋಡೆಗೇ ಒತ್ತಿ ಮಾಡಿದ್ದರು. ಹೊತ್ತುಹೊತ್ತಿಗೂ ನೀರು, ಎಳೆಮಗುವಿಗೆ ಹಾಲೂಡಿಸಿದ ಹಾಗೆ.

"ಇದುಕ್ಕೆ ನೀರ್ ನಿಲ್ಸಿ ಮೊದ್ಲು."

"ಅಯ್ಯೋ, ಸಸಿ ಬಾಡೋಯ್ತವೆ ಕಣೇ!"

ಬಾಯಿ ತಪ್ಪಿ ಬಂದೇಬಿಟ್ಟಿತು. ಆಕೆ ಕೂಗಾಡಲಿಲ್ಲ.

"ಬ್ಯಾರನ್ ಒಳಗೆ ಎಲೆ ಸರಗುಟ್ಟುದ್ರೆ ಆಚೆ ಕುಂತೇ ಹದ ಯೋಳ್ತೀರಿ. ಪಕ್ಕದಲ್ಲೇ ಮಲ್ಗಿ ಇಷ್ಟ್ ದಿನ ಕೆಮ್ಮುದ್ನಲ್ಲ, ಅದು ಕೇಳ್ನಿಲ್ವಾ ನಿಮ್ಗೆ?"

ಹೋಬಳಿಗೇ ಬುದ್ಧಿ ಹೇಳುವ ಶಿವನಂಜಪ್ಪ ಕೈಯಲ್ಲಿದ್ದ ಕ್ಯಾನನ್ನೇ ನೋಡಿದರು. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಕೇಳಿಸಿತ್ತು, ಆದರೆ ಗೋಡೆಯ ಚಿಂತೆಯಲ್ಲಿ ಅದು ಹೆಂಡತಿಯ ಕೆಮ್ಮು ಅನ್ನುವುದೇ ಮರೆತಿತ್ತು. ಜಯಲಕ್ಷ್ಮಮ್ಮ ಒಳಗೆ ಹೋಗಿ ಮತ್ತೆ ಬ್ಯಾಗು ತೆಗೆದರು. ಇವರು ಕ್ಯಾನು ಕೆಳಗಿಟ್ಟು ಓಡಿಹೋಗಿ ಬ್ಯಾಗನ್ನು ಕಿತ್ತುಕೊಂಡರು.

ಬೆಳಗಾಗುತ್ತಲೇ ಶಿವನಂಜಪ್ಪ ಸಸಿಗಳನ್ನು ಮಣ್ಣುಸಮೇತ ಬಿದಿರ ಮಂಕರಿಗೆ ತುಂಬಿ ಟೆಂಪೋಗೆ ಏರಿಸುತ್ತಿದ್ದರು. ಕುಳ್ಳಯ್ಯ ಬೆರಗಾಗಿ ನಿಂತ.

"ಎಲ್ಲಿಗಣ್ಣ ಸಸಿ?"

"ಹುಣಸೂರ್‌ಗೆ. ನಮ್ಮ ಭಾವನ ಹೊಲಕ್ಕೆ."

"ಯಾಕಣ್ಣ, ಇಲ್ಲೇನಾಗಿತ್ತು?"

ಒಳಗೆ ಜಯಲಕ್ಷ್ಮಮ್ಮ ಕೆಮ್ಮಿದರು. ಶಿವನಂಜಪ್ಪ ಮಂಕರಿ ಇಳಿಸಿ ಆ ಕಡೆಗೊಮ್ಮೆ ನೋಡಿದರು.

"ಗ್ವಾಡೆ ಒಣಗೋವರ್ಗೂ ಯಾರಾದ್ರೂ ಒಬ್ರು ಅವ್ಳ ತವರಲ್ಲಿರ್ಬೇಕಲ್ಲ ಕಣ್ಲಾ. ಈ ಸಲ ಇವು ಓಗ್ಲಿ!"